ಮುಖಪುಟದ ಮೂಲಪ್ರತಿ: ನಿಯತಕಾಲಿಕೆಗಳ ಚಿತ್ರಕಲೆ, ಸಂಗ್ರಹ ಮತ್ತು ವಿಮರ್ಶೆ

ಹಳಗನ್ನಡ ಕೃತಿಯೊಂದನ್ನು ಸಂಪಾದಿಸಲು ಹೊರಟ ವಿದ್ವಾಂಸನಿಗೆ ಕವಿಯ ಸ್ವಹಸ್ತದ ಓಲೆ ದೊರೆಯುವುದು ತೀರ ಅಪರೂಪ. ಅವನ ಕೈಗೆ ಬರುವುದು ಬೇರೆ ಬೇರೆ ಕಾಲದ ಲಿಪಿಕಾರರು ಮಾಡಿದ ಪ್ರತಿಗಳು. ಅವುಗಳಲ್ಲಿ ಕೆಲವಕ್ಕೆ ಆದಿಯಿಲ್ಲ, ಕೆಲವಕ್ಕೆ ಅಂತ್ಯವಿಲ್ಲ. ಕೆಲವನ್ನು ಹುಳು ತಿಂದಿರುತ್ತದೆ, ಮತ್ತೆ ಕೆಲವನ್ನು ಲಿಪಿಕಾರನೇ ತನಗೆ ಸರಿಕಂಡಂತೆ ತಿದ್ದಿರುತ್ತಾನೆ. ಇಂತಹ ಪ್ರತಿಗಳನ್ನು ಒಂದರೊಡನೊಂದು ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ, ಮೂಲಕ್ಕೆ ಹತ್ತಿರವಾದ ಪಾಠವನ್ನು ನಿರ್ಣಯಿಸುವ ಶಿಸ್ತು ಕನ್ನಡದಲ್ಲಿ ಗಟ್ಟಿಯಾಗಿ ಬೆಳೆದಿದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಈ ಶಿಸ್ತಿಗೆ ಶಾಸ್ತ್ರರೂಪವನ್ನು ಕೊಟ್ಟ ಕೃತಿ.

ಈ ಶಿಸ್ತು ಓಲೆಗರಿಗೆ ಮಾತ್ರ ಮೀಸಲೆಂದು ಭಾವಿಸುವುದು ರೂಢಿ. ಸಾವಿರಗಟ್ಟಲೆ ಪ್ರತಿಗಳಲ್ಲಿ ಅಚ್ಚಾದ ಇಪ್ಪತ್ತನೆಯ ಶತಮಾನದ ನಿಯತಕಾಲಿಕೆಗೆ ಮೂಲಪಾಠದ ಸಮಸ್ಯೆ ಇರಲಾರದೆಂಬ ನಂಬಿಕೆಯೇ ಇದಕ್ಕೆ ಕಾರಣ. ವಾಸ್ತವ ಬೇರೆಯೇ ಆಗಿದೆ. ಎಪ್ಪತ್ತು ವರ್ಷಗಳ ಹಿಂದೆ ಮನೆಮನೆಗೆ ಬಂದ ಮಾಸಪತ್ರಿಕೆಯೊಂದರ ಮುಖಪುಟ ಇಂದು ಗ್ರಂಥಾಲಯದ ಸಂಪುಟದಲ್ಲಿ ಸಿಗದೆ, ರದ್ದಿ ಅಂಗಡಿಯ ಕಟ್ಟಿನಲ್ಲಿ ಸಿಗುವುದುಂಟು. ಸಿಕ್ಕಾಗಲೂ ಅದನ್ನು ಬರೆದವರಾರು, ಯಾವ ಸಂಚಿಕೆಗಾಗಿ ಬರೆದರು ಎಂಬುದು ತಿಳಿಯದೆ ಹೋಗುವುದುಂಟು. ಮುಖಪುಟ ಕಲೆಯ ಮೂಲಪ್ರತಿ ಯಾವುದು, ಅದನ್ನು ಉಳಿಸಿದವರು ಯಾರು, ಉಳಿಸುವ ಕ್ರಮದಲ್ಲೇ ಕಳೆದುಹೋದದ್ದೇನು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಅಚ್ಚಿಗಾಗಿ ಬರೆದ ಚಿತ್ರ

ಕಲಾಚರಿತ್ರೆಯ ರೂಢಿಯಲ್ಲಿ ಮೂಲವೆಂದರೆ ಕಲಾವಿದನ ಕೈಯಿಂದ ಹೊರಟ ವರ್ಣಚಿತ್ರ. ಮುದ್ರಿತವಾದದ್ದು ಅದರ ನಕಲು. ರಾಜಾ ರವಿವರ್ಮನ ತೈಲಚಿತ್ರಕ್ಕೂ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವನ ಮುದ್ರಣಾಲಯದಿಂದ ಹೊರಬಂದ ಓಲಿಯೋಗ್ರಾಫಿಗೂ ಇರುವ ಸಂಬಂಧವನ್ನು ಹೀಗೆ ವಿವರಿಸಬಹುದು. ಆದರೆ ಪತ್ರಿಕೆಯ ಮುಖಪುಟದ ವಿಷಯದಲ್ಲಿ ಈ ವಿವರಣೆ ತಲೆಕೆಳಗಾಗುತ್ತದೆ. ಮುಖಪುಟದ ಕಲಾವಿದ ಬಣ್ಣ ಹಚ್ಚುವಾಗಲೇ ಪಡಿಯಚ್ಚಿನ ಮಿತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾನೆ. ಶೀರ್ಷಿಕೆಗಾಗಿ ಮೇಲುಭಾಗವನ್ನು ಬಿಡಬೇಕು. ಹಾಫ್‌ಟೋನ್ ಚುಕ್ಕಿಗಳ ನಡುವೆ ಕರಗಿಹೋಗುವ ನವಿರಾದ ಛಾಯೆಗಳನ್ನು ಕೈಬಿಡಬೇಕು. ಒಂದು ಬಣ್ಣದ ಅಚ್ಚು ಕೂದಲೆಳೆಯಷ್ಟು ಸರಿದರೂ ಮುಖಭಾವ ಕೆಡದಂತೆ ಗಡಿರೇಖೆಯನ್ನು ದಪ್ಪವಾಗಿ ಎಳೆಯಬೇಕು. ಅಂಗಡಿಯ ಹಗ್ಗದ ಮೇಲೆ ತೂಗುಹಾಕಿದಾಗ ಹತ್ತು ಅಡಿ ದೂರದಿಂದಲೂ ಚಿತ್ರ ಕಾಣಿಸಬೇಕು. ಈ ಲೆಕ್ಕಾಚಾರವೆಲ್ಲ ಪೂರ್ಣಗೊಳ್ಳುವುದು ಕಾಗದದ ಮೇಲೆ ಮಸಿ ಬಿದ್ದಾಗ. ಹಾಗಾಗಿ ಕಲಾವಿದನ ಫಲಕವು ಕೃತಿಯ ಕರಡು; ಅಚ್ಚಾದ ಹಾಳೆಯೇ ಕೃತಿ.

ಈ ಸತ್ಯವನ್ನು ಭಾರತದಲ್ಲಿ ಮೊದಲಿಗೆ ಸ್ಪಷ್ಟವಾಗಿ ಅರಿತವರಲ್ಲಿ ಉಪೇಂದ್ರಕಿಶೋರ ರಾಯ್‌ಚೌಧುರಿ (1863–1915) ಪ್ರಮುಖರು. ಅವರು ಚಿತ್ರಕಾರರು, ಮಕ್ಕಳ ಕಥೆಗಾರರು. ಅದರೊಂದಿಗೆ ಹಾಫ್‌ಟೋನ್ ವಿಧಾನವನ್ನು ಕುರಿತು ಲಂಡನ್ನಿನ ಪೆನ್‌ರೋಸ್ ವಾರ್ಷಿಕದಲ್ಲಿ ಶಾಸ್ತ್ರೀಯ ಲೇಖನಗಳನ್ನು ಪ್ರಕಟಿಸಿದ ಮುದ್ರಣತಜ್ಞರು. 1913ರಲ್ಲಿ ಅವರು ಆರಂಭಿಸಿದ ‘ಸಂದೇಶ್’ ಮಕ್ಕಳ ಮಾಸಿಕದಲ್ಲಿ ಬರವಣಿಗೆ, ಚಿತ್ರ, ಪಡಿಯಚ್ಚು, ಮುದ್ರಣ ಎಲ್ಲವೂ ಒಂದೇ ಮನೆಯ ಕೆಲಸವಾಗಿತ್ತು. ಮಗ ಸುಕುಮಾರ ರಾಯ್ 1911ರಲ್ಲಿ ಇಂಗ್ಲೆಂಡಿಗೆ ಹೋದದ್ದು ಮುದ್ರಣವಿದ್ಯೆಯನ್ನು ಕಲಿಯಲೆಂದೇ. ಕುಂಚದ ಕೆಲಸ ಎಲ್ಲಿ ಮುಗಿಯಿತು, ಅಚ್ಚಿನ ಕೆಲಸ ಎಲ್ಲಿ ಆರಂಭವಾಯಿತು ಎಂದು ‘ಸಂದೇಶ್’ ಪುಟಗಳಲ್ಲಿ ಗೆರೆ ಎಳೆದು ತೋರಿಸುವುದು ಕಷ್ಟ.

ಒಂದು ಸುಳ್ಳು ಮೂಲದ ಪ್ರಸಂಗ

ಅಚ್ಚಾದ ಮುಖಪುಟವೇ ಮೂಲವೆಂಬ ಮಾತು ಕೇವಲ ತರ್ಕವೆಂದು ತೋರಬಹುದು. ಅದರ ಪ್ರಾಯೋಗಿಕ ಮಹತ್ತ್ವವನ್ನು ತೋರಿಸುವ ಪ್ರಸಂಗವೊಂದು ಅಮೆರಿಕದಲ್ಲಿ ನಡೆದಿದೆ. ಮುಖಪುಟ ಚಿತ್ರಗಳ ಸಂಗ್ರಹ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಬೆಳೆದಿರುವ ದೇಶ ಅದೇ ಆದ್ದರಿಂದ ಅಲ್ಲಿನ ಅನುಭವವನ್ನು ಇಲ್ಲಿ ಗಮನಿಸುವುದು ಉಚಿತ.

ನಾರ್ಮನ್ ರಾಕ್‌ವೆಲ್ (1894–1978) 1916ರಿಂದ 1963ರವರೆಗೆ ‘ಸ್ಯಾಟರ್‌ಡೇ ಈವನಿಂಗ್ ಪೋಸ್ಟ್’ ವಾರಪತ್ರಿಕೆಗೆ ಮುನ್ನೂರಕ್ಕೂ ಹೆಚ್ಚು ಮುಖಪುಟಗಳನ್ನು ಬರೆದ ಕಲಾವಿದ. ಅವನಿಗಿಂತ ಹಿರಿಯನಾದ ಜೆ.ಸಿ. ಲೈಯೆಂಡೆಕರ್ ಕೂಡ ಅದೇ ಪತ್ರಿಕೆಗೆ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಮುಖಪುಟಗಳನ್ನು ಕೊಟ್ಟಿದ್ದನು. ಬಹುಕಾಲ ಕಲಾವಿಮರ್ಶಕರು ಇವರನ್ನು ಕಲಾವಿದರೆಂದೇ ಒಪ್ಪಲಿಲ್ಲ. ಚಿತ್ರಗಾರರೆಂದು ಕರೆದು ಬದಿಗಿಟ್ಟರು. 1954ರ ಸೆಪ್ಟೆಂಬರ್ 25ರ ಸಂಚಿಕೆಗೆ ರಾಕ್‌ವೆಲ್ ಬರೆದದ್ದು ಮನೆಬಿಟ್ಟು ಕಾಲೇಜಿಗೆ ಹೊರಟ ಹುಡುಗ, ಅವನ ಪಕ್ಕದಲ್ಲಿ ಕುಗ್ಗಿ ಕುಳಿತ ರೈತ ತಂದೆ, ಹುಡುಗನ ತೊಡೆಯ ಮೇಲೆ ತಲೆಯಿಟ್ಟ ನಾಯಿ ಇರುವ ಚಿತ್ರ. ಅದರ ವರ್ಣಚಿತ್ರವನ್ನು 1960ರ ಸುಮಾರಿಗೆ ಡಾನ್ ಟ್ರಾಕ್ಟೆ ಎಂಬ ವ್ಯಂಗ್ಯಚಿತ್ರಕಾರ 900 ಡಾಲರಿಗೆ ಕೊಂಡನು. ಮುಂದೆ ಆ ಚಿತ್ರ ರಾಕ್‌ವೆಲ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಿತು. 1954ರ ಮುದ್ರಿತ ಮುಖಪುಟದೊಡನೆ ಹೋಲಿಸಿ ನೋಡಿದವರಿಗೆ ಹುಡುಗನ ಮುಖದಲ್ಲಿ, ಬಣ್ಣಗಳಲ್ಲಿ ವ್ಯತ್ಯಾಸ ಕಂಡಿತು. ವರ್ಣಚಿತ್ರವನ್ನು ಯಾರೋ ಒರಟಾಗಿ ದುರಸ್ತಿ ಮಾಡಿರಬೇಕೆಂದು ಅದಕ್ಕೆ ಸಮಾಧಾನ ಹೇಳಲಾಯಿತು. 2005ರಲ್ಲಿ ಟ್ರಾಕ್ಟೆ ತೀರಿಕೊಂಡನು. 2006ರಲ್ಲಿ ಅವನ ಮಕ್ಕಳಿಗೆ ಮನೆಯ ಸುಳ್ಳುಗೋಡೆಯೊಂದರ ಹಿಂದೆ ನಿಜವಾದ ವರ್ಣಚಿತ್ರ ದೊರೆಯಿತು. ವಸ್ತುಸಂಗ್ರಹಾಲಯದಲ್ಲಿದ್ದುದು ಟ್ರಾಕ್ಟೆಯೇ ಬರೆದ ನಕಲು! ಅದೇ ವರ್ಷ ನಿಜವಾದ ಚಿತ್ರ 1 ಕೋಟಿ 54 ಲಕ್ಷ ಡಾಲರಿಗೆ ಹರಾಜಾಯಿತು.

ಈ ಪ್ರಸಂಗದ ಪತ್ತೇದಾರಿ ಸ್ವಾರಸ್ಯ ಹಾಗಿರಲಿ, ಪಾಠನಿರ್ಣಯದ ದೃಷ್ಟಿಯಿಂದ ಅದು ಹೇಳುವ ವಿಷಯ ಮುಖ್ಯವಾದುದು. ಮೂಲವೆಂಬ ಗೌರವದಿಂದ ಗೋಡೆಯೇರಿದ್ದ ಫಲಕ ಸುಳ್ಳು ಹೇಳುತ್ತಿದ್ದಾಗ, ಅಗ್ಗದ ವಾರಪತ್ರಿಕೆಯ ಹಳೆಯ ಮುಖಪುಟ ಸತ್ಯವನ್ನು ನುಡಿಯುತ್ತಿತ್ತು. ಸಾಕ್ಷ್ಯ ಎಲ್ಲರ ಕಣ್ಣೆದುರಿಗಿತ್ತು. ಮುದ್ರಿತವಾದದ್ದು ವರ್ಣಚಿತ್ರಕ್ಕಿಂತ ಕೆಳಗಿನದು ಎಂಬ ಪೂರ್ವಗ್ರಹದಿಂದಾಗಿ ಆ ಸಾಕ್ಷ್ಯಕ್ಕೆ ಬೆಲೆ ಸಿಗಲಿಲ್ಲ. ಅಚ್ಚಿನಲ್ಲಿ ಬಣ್ಣ ಬದಲಾಗಬಹುದು. ಹುಡುಗನ ಮುಖದ ರಚನೆ ಬದಲಾಗುವುದಿಲ್ಲ. ಯಾವ ವ್ಯತ್ಯಾಸ ಮುದ್ರಣದಿಂದ ಬಂದದ್ದು, ಯಾವುದು ಮುದ್ರಣದಿಂದ ಬರಲಾರದ್ದು ಎಂಬ ವಿವೇಚನೆಯೇ ಈ ಕ್ಷೇತ್ರದ ಪಾಠಾಂತರ ವಿಮರ್ಶೆ.

2013ರಲ್ಲಿ ರಾಕ್‌ವೆಲ್ಲನ ಮತ್ತೊಂದು ಮುಖಪುಟದ ವರ್ಣಚಿತ್ರ 4 ಕೋಟಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಆದರೆ ಮಾರುಕಟ್ಟೆ ಬೆಲೆ ಕಟ್ಟಿದ್ದು ಫಲಕಕ್ಕೆ. 1951ರ ನವೆಂಬರಿನಲ್ಲಿ ಲಕ್ಷಾಂತರ ಅಮೆರಿಕನ್ ಮನೆಗಳು ನೋಡಿದ್ದು ಫಲಕವನ್ನಲ್ಲ, ಶೀರ್ಷಿಕೆ, ದಿನಾಂಕ, ಬೆಲೆಗಳ ಸಮೇತವಾದ ಮುಖಪುಟವನ್ನು.

ಹಲವು ಲಿಪಿಗಳ ಒಂದು ಚಿತ್ರ: ‘ಚಂದಮಾಮ’

ಅಮೆರಿಕದ ಈ ನಿದರ್ಶನದಲ್ಲಿ ಹೋಲಿಕೆಗೆ ಫಲಕವಾದರೂ ಉಳಿದಿತ್ತು. ಭಾರತೀಯ ಭಾಷೆಗಳ ಜನಪ್ರಿಯ ಪತ್ರಿಕೆಗಳ ವಿಷಯಕ್ಕೆ ಬಂದರೆ ಅಧ್ಯಯನ ನಿಲ್ಲಬೇಕಾದದ್ದು ಬಹುಮಟ್ಟಿಗೆ ಅಚ್ಚಾದ ಪ್ರತಿಯ ಮೇಲೆಯೇ. ಇದಕ್ಕೆ ‘ಚಂದಮಾಮ’ ಅತ್ಯುತ್ತಮ ಉದಾಹರಣೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈ ತಿಂಗಳಲ್ಲಿ ಮದ್ರಾಸಿನಿಂದ ಈ ಮಕ್ಕಳ ಮಾಸಿಕವನ್ನು ತೆಲುಗು, ತಮಿಳುಗಳಲ್ಲಿ ಆರಂಭಿಸಿದರು. 1949ರಲ್ಲಿ ಅದು ಕನ್ನಡಕ್ಕೆ ಬಂದಿತು. ತಮಿಳಿನಲ್ಲಿ ‘ಅಂಬುಲಿಮಾಮಾ’, ಮಲಯಾಳದಲ್ಲಿ ‘ಅಂಬಿಳಿ ಅಮ್ಮಾವನ್’, ಮರಾಠಿಯಲ್ಲಿ ‘ಚಾಂದೋಬಾ’, ಒಡಿಯಾದಲ್ಲಿ ‘ಜಹ್ನಮಾಮು’ ಎಂಬ ಹೆಸರುಗಳಿಂದ ಹೊರಬರುತ್ತಿದ್ದ ಪತ್ರಿಕೆಗೆ ವಡಪಳನಿಯಲ್ಲಿ ಒಂದೇ ಚಿತ್ರಶಾಲೆಯಿತ್ತು.

ಒಂದೇ ಚಿತ್ರಕ್ಕೆ ಹಲವು ಲಿಪಿಗಳ ಶೀರ್ಷಿಕೆ ಕೂರಬೇಕೆಂಬ ನಿಯಮ ಕಲಾವಿದನ ಮೇಲೆ ವಿಶಿಷ್ಟವಾದ ಹೊಣೆಯನ್ನು ಹೊರಿಸಿತು. ಚಿತ್ರವು ಯಾವ ಒಂದು ಭಾಷೆಯ ಗಾದೆಯನ್ನೂ, ಯಾವ ಒಂದು ಊರಿನ ಉಡುಗೆಯನ್ನೂ ಅವಲಂಬಿಸುವಂತಿರಲಿಲ್ಲ. ಬಳ್ಳಾರಿಯ ಮಗುವಿಗೂ ಕಟಕದ ಮಗುವಿಗೂ ಅದು ಒಂದೇ ನೋಟಕ್ಕೆ ಅರ್ಥವಾಗಬೇಕಾಗಿತ್ತು. ಮಹಾಭಾರತದ ಪ್ರಸಂಗಗಳು ಮುಖಪುಟದ ವಸ್ತುವಾದದ್ದಕ್ಕೆ ಭಕ್ತಿಯಷ್ಟೇ ಈ ವೃತ್ತಿಪರ ಅನಿವಾರ್ಯತೆಯೂ ಕಾರಣವೆನ್ನಬೇಕು.

ಮೊದಲ ವರ್ಷಗಳ ಮುಖಪುಟಗಳನ್ನು ರೂಪಿಸಿದವರಲ್ಲಿ ಪ್ರಮುಖರಾದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರು. ಮಹಾಭಾರತದ ಸರಣಿ ಅವರ ಹೆಸರಿನೊಂದಿಗೆ ಗುರುತಿಸಿಕೊಂಡಿದೆ. ಮುಂದೆ ಅವರು ಬೆಂಗಳೂರಿಗೆ ಮರಳಿ, ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸುವ ಸಂಸ್ಥೆಯನ್ನು ನಡೆಸಿದರು. ಆಚಾರ್ಯರ ಚಿತ್ರಗಳಲ್ಲಿ ಎದ್ದುಕಾಣುವುದು ಶರೀರರಚನೆಯ ಶಾಸ್ತ್ರೀಯ ಜ್ಞಾನ. ಭುಜದ ಸ್ನಾಯು, ಮಣಿಕಟ್ಟಿನ ತಿರುವು, ವಸ್ತ್ರದ ಭಾರ ಎಲ್ಲವೂ ಅಳತೆಗೆ ಸರಿಯಾಗಿರುತ್ತವೆ. ಪಾತ್ರಗಳು ರಂಗದ ಮೇಲೆ ನಿಂತಂತೆ ನಿಂತು, ಘಟನೆಯ ಅತ್ಯಂತ ಬಿಗುವಿನ ಕ್ಷಣವನ್ನು ಹಿಡಿದುಕೊಡುತ್ತವೆ. ಅವರ ಅನಂತರ ಮುಖಪುಟದ ಹೊಣೆ ಹೊತ್ತ ಶ್ರೀಕಾಕುಳಂ ಪ್ರದೇಶದ ವಡ್ಡಾದಿ ಪಾಪಯ್ಯನವರು (1921–1992) ‘ವಪಾ’ ಎಂಬ ಅಂಕಿತದಿಂದ ಪ್ರಸಿದ್ಧರು. ಅವರಲ್ಲಿ ಅಂಗರಚನೆಗಿಂತ ರೇಖೆಯ ಓಟ ಮುಖ್ಯ. ಉದ್ದನೆಯ ಕಣ್ಣು, ಬಳುಕುವ ನಡು, ಚೌಕಟ್ಟನ್ನು ತುಂಬುವ ಎಲೆಬಳ್ಳಿ, ಸಾಂದ್ರವಾದ ವರ್ಣ ಇವು ಸೇರಿ ಪುರಾಣಲೋಕವನ್ನು ರಂಗದಿಂದ ಕನಸಿಗೆ ಒಯ್ಯುತ್ತವೆ. ಒಬ್ಬರದು ಘಟನೆಯ ಕಲೆ, ಇನ್ನೊಬ್ಬರದು ಆವರಣದ ಕಲೆ. ಒಂದೇ ಪತ್ರಿಕೆಯ ಒಂದೇ ಅಳತೆಯ ಚೌಕಟ್ಟಿನಲ್ಲಿ ಈ ಪಲ್ಲಟ ನಡೆದುದನ್ನು ಸಂಚಿಕೆಗಳನ್ನು ಸಾಲಾಗಿ ಇಟ್ಟು ನೋಡಿದವರು ಮಾತ್ರ ಕಾಣಬಲ್ಲರು.

ಒಳಪುಟಗಳಲ್ಲಿ ‘ಚಿತ್ರಾ’ ಎಂಬ ಅಂಕಿತದ ಟಿ.ವಿ. ರಾಘವನ್ ಮತ್ತು ‘ಶಂಕರ್’ ಎಂಬ ಅಂಕಿತದ ಕೆ.ಸಿ. ಶಿವಶಂಕರನ್ ದಶಕಗಟ್ಟಲೆ ದುಡಿದರು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನ ರೇಖಾಚಿತ್ರ ಶಂಕರ್ ಅವರದು. ಅದನ್ನು ಕಂಡ ಲಕ್ಷಾಂತರ ಓದುಗರಿಗೆ ಅವರ ಹೆಸರಷ್ಟೇ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. 2020ರಲ್ಲಿ 96ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪದ್ಮಶ್ರೀ ಗೌರವ ಬಂದದ್ದು 2021ರಲ್ಲಿ, ಮರಣೋತ್ತರವಾಗಿ. ಅಷ್ಟರಲ್ಲಿ ‘ಚಂದಮಾಮ’ವೇ ನಿಂತುಹೋಗಿತ್ತು. 1998ರಲ್ಲಿ ಒಮ್ಮೆ ಸ್ಥಗಿತಗೊಂಡು ಮರುವರ್ಷ ಮತ್ತೆ ಹೊರಟ ಪತ್ರಿಕೆ 2013ರ ಹೊತ್ತಿಗೆ ಕೊನೆಗೊಂಡಿತು. ಕಲಾವಿದನಿಗೆ ಮನ್ನಣೆ ಬರುವ ವೇಳೆಗೆ ಪತ್ರಿಕೆಯಿಲ್ಲ, ಕಲಾವಿದನೂ ಇಲ್ಲ. ಉಳಿದದ್ದು ಓದುಗರ ಪೆಟ್ಟಿಗೆಗಳಲ್ಲಿದ್ದ ಹಳೆಯ ಸಂಚಿಕೆಗಳು ಮಾತ್ರ.

ಸರಣಿಯೇ ಕೃತಿ

ಬಿಡಿ ಮುಖಪುಟವೊಂದನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದರೆ ಅದರ ಅರ್ಥದ ಅರ್ಧ ಹೊರಗುಳಿಯುತ್ತದೆ ಎಂಬುದನ್ನು ತೋರಿಸಲು ಬೇರೆ ಎರಡು ಭಾಷೆಗಳ ನಿದರ್ಶನಗಳು ಸಾಕು. ಬಂಗಾಳಿಯ ‘ಎಕ್ಷಣ್’ ಸಾಹಿತ್ಯ ಪತ್ರಿಕೆ 1961ರಲ್ಲಿ ನಿರ್ಮಾಲ್ಯ ಆಚಾರ್ಯ ಮತ್ತು ಸೌಮಿತ್ರ ಚಟರ್ಜಿಯವರ ಸಂಪಾದಕತ್ವದಲ್ಲಿ ಆರಂಭವಾಯಿತು. ಅದರ ಮುಖಪುಟಗಳನ್ನು ಸತ್ಯಜಿತ್ ರಾಯ್ ರೂಪಿಸಿಕೊಟ್ಟರು. ಪತ್ರಿಕೆಯ ಹೆಸರಿನಲ್ಲಿರುವುದು ಮೂರೇ ಅಕ್ಷರ. ರಾಯ್ ಆ ಮೂರು ಅಕ್ಷರಗಳನ್ನೇ ಸಂಚಿಕೆಯಿಂದ ಸಂಚಿಕೆಗೆ ಬೇರೆ ಬೇರೆ ಆಕಾರದಲ್ಲಿ, ಬೇರೆ ಬೇರೆ ಬಣ್ಣದಲ್ಲಿ ಬಿಡಿಸಿದರು. ಒಂದು ಸಂಚಿಕೆಯನ್ನು ಮಾತ್ರ ನೋಡಿದವನಿಗೆ ಅದೊಂದು ಅಂದವಾದ ಅಕ್ಷರವಿನ್ಯಾಸ. ಇಪ್ಪತ್ತು ಸಂಚಿಕೆಗಳನ್ನು ಒಟ್ಟಿಗೆ ನೋಡಿದವನಿಗೆ ಒಂದೇ ರಾಗದ ವಿಸ್ತಾರ ಕಾಣುತ್ತದೆ.

ಎರಡನೆಯದು ಮರಾಠಿಯ ದೀಪಾವಳಿ ವಿಶೇಷಾಂಕಗಳ ಪರಂಪರೆ. 1909ರಲ್ಲಿ ‘ಮನೋರಂಜನ’ ಪತ್ರಿಕೆ ಹಾಕಿಕೊಟ್ಟ ಈ ಪದ್ಧತಿ ಕನ್ನಡ ಪತ್ರಿಕೆಗಳಿಗೂ ಪರಿಚಿತವಾದುದು. ಗೋವೆಯ ಮಡಗಾಂವಿನಲ್ಲಿ ಹುಟ್ಟಿದ ದೀನಾನಾಥ ದಲಾಲ್ (1916–1971) ಅನ್ಯರ ಪತ್ರಿಕೆಗಳಿಗೆ ಚಿತ್ರ ಬರೆಯುವುದಷ್ಟಕ್ಕೇ ತೃಪ್ತರಾಗದೆ 1945ರಲ್ಲಿ ತಾವೇ ‘ದೀಪಾವಳಿ’ಯನ್ನು ಹೊರಡಿಸಿದರು. ಕಲಾವಿದನೇ ಸಂಪಾದಕನಾದಾಗ ಮುಖಪುಟ ಒಳಪುಟಗಳ ಜಾಹೀರಾತಾಗಿ ಉಳಿಯದೆ, ವಾರ್ಷಿಕಾಂಕದ ಒಂದು ಸ್ವತಂತ್ರ ಅಧ್ಯಾಯವಾಗುತ್ತದೆ. ದಲಾಲರು ರೇಖೆ ಮತ್ತು ಸಮತಲ ವರ್ಣಗಳ ಮೂಲಕ ವರ್ಷವರ್ಷವೂ ಹೊಸ ಶೈಲಿಯನ್ನು ಪರೀಕ್ಷಿಸಿದರು. ಅವರ ಸಮಕಾಲೀನರಾದ ರಘುವೀರ ಮುಳಗಾಂವಕರರು (1918–1976) ವಾಯುಕುಂಚದ ನುಣುಪಿನಿಂದ ದೇವತೆಯರನ್ನೂ ಸುಂದರಿಯರನ್ನೂ ಬರೆದು ಅಪಾರ ಜನಪ್ರಿಯತೆಯನ್ನು ಗಳಿಸಿದರು. ಹತ್ತು ವರ್ಷಗಳ ಅಂಕಗಳನ್ನು ಹೋಲಿಸಿದಾಗ ಒಬ್ಬರ ಪ್ರಯೋಗಶೀಲತೆಯೂ ಇನ್ನೊಬ್ಬರ ಪುನರಾವೃತ್ತಿಯೂ ಸ್ಪಷ್ಟವಾಗುತ್ತವೆ. ಬಿಡಿಚಿತ್ರದಲ್ಲಿ ಇಬ್ಬರೂ ಸಮಾನ ಕುಶಲರೆಂದೇ ತೋರುತ್ತಾರೆ. ಸರಣಿಯ ಹೊರತು ಮೌಲ್ಯಮಾಪನ ಸಾಧ್ಯವಿಲ್ಲ. ಸರಣಿಯನ್ನು ಒದಗಿಸಬೇಕಾದದ್ದು ಸಂಗ್ರಹ.

ರಟ್ಟು ಮತ್ತು ಕತ್ತರಿ

ಸಂಗ್ರಹದ ಮೊದಲ ಹೊಣೆ ಗ್ರಂಥಾಲಯಗಳದು. ಅವು ಆ ಹೊಣೆಯನ್ನು ನಿರ್ವಹಿಸಿದ ರೀತಿಯಲ್ಲಿಯೇ ಒಂದು ವಿಪರ್ಯಾಸವಿದೆ. ವರ್ಷದ ಹನ್ನೆರಡು ಸಂಚಿಕೆಗಳನ್ನು ಸೇರಿಸಿ ರಟ್ಟು ಕಟ್ಟಿಸುವಾಗ ಮುಖಪುಟಗಳನ್ನೂ ಜಾಹೀರಾತಿನ ಹಾಳೆಗಳನ್ನೂ ತೆಗೆದುಹಾಕುವುದು ಹಲವೆಡೆ ನಡೆದುಬಂದ ರೂಢಿ. ಸಂಪುಟ ತೆಳುವಾಗುತ್ತದೆ, ಕಪಾಟಿನಲ್ಲಿ ಜಾಗ ಉಳಿಯುತ್ತದೆ. ಬರಹವಷ್ಟೇ ಉಳಿಸತಕ್ಕದ್ದೆಂಬ ನಂಬಿಕೆಗೂ ಇದು ಹೊಂದಿಕೆಯಾಗುತ್ತದೆ. ಆಂಗ್ಲ ಪತ್ರಿಕೆಗಳ ವಿಷಯದಲ್ಲಿ ರಾಬರ್ಟ್ ಸ್ಕೋಲ್ಸ್ ಮತ್ತು ಕ್ಲಿಫರ್ಡ್ ವುಲ್ಫ್‌ಮನ್ 2010ರ ತಮ್ಮ ಗ್ರಂಥದಲ್ಲಿ ಇದನ್ನು ದಾಖಲೆಗಳ ನಡುವಿನ ತೂತೆಂದು ಗುರುತಿಸಿ, ಜಾಹೀರಾತುಗಳಿಲ್ಲದ ಸಂಪುಟದಿಂದ ಆ ಕಾಲದ ಓದನ್ನು ಅರಿಯಲಾಗದೆಂದು ವಾದಿಸಿದ್ದಾರೆ. ಅದು ಮುಖಪುಟಕ್ಕೂ ಅನ್ವಯಿಸುವ ಮಾತು. ಮುಖಪುಟವನ್ನು ಉಳಿಸಿಕೊಂಡ ಸಂಪುಟಗಳಲ್ಲಿಯೂ ಅಂಚನ್ನು ಸಮಮಾಡುವ ರಟ್ಟುಗಾರನ ಕತ್ತಿಗೆ ಮೂಲೆಯಲ್ಲಿದ್ದ ಕಲಾವಿದನ ಅಂಕಿತ ಬಲಿಯಾಗುವುದುಂಟು.

ಓದುಗರ ಮನೆಗಳಲ್ಲಿ ನಡೆದದ್ದು ಇದರ ಇನ್ನೊಂದು ರೂಪ. ಧಾರಾವಾಹಿಯ ಪುಟಗಳನ್ನು ವಾರವಾರವೂ ಬಿಡಿಸಿ, ಕೊನೆಗೆ ಒಟ್ಟು ಮಾಡಿ ರಟ್ಟು ಕಟ್ಟಿಸುವುದು ದಕ್ಷಿಣ ಭಾರತದ ಓದುಗವರ್ಗದ ಪ್ರೀತಿಯ ಪದ್ಧತಿಯಾಗಿತ್ತು. 1950ರಿಂದ 1954ರವರೆಗೆ ‘ಕಲ್ಕಿ’ ವಾರಪತ್ರಿಕೆಯಲ್ಲಿ ಬಂದ ‘ಪೊನ್ನಿಯಿನ್ ಸೆಲ್ವನ್’ ಹೀಗೆ ಮಣಿಯಂ ಅವರ ಚಿತ್ರಗಳ ಸಮೇತ ಅನೇಕ ತಮಿಳು ಮನೆಗಳಲ್ಲಿ ಉಳಿದುಬಂದಿದೆ. ಕನ್ನಡದಲ್ಲಿಯೂ ವಾರಪತ್ರಿಕೆಗಳ ಕಾದಂಬರಿಗಳು ಇದೇ ರೀತಿಯಲ್ಲಿ ಉಳಿದಿವೆ. ಇಲ್ಲಿ ಒಳಚಿತ್ರ ಉಳಿಯಿತು, ಮುಖಪುಟ ರದ್ದಿಗೆ ಹೋಯಿತು. ಚಿತ್ರಪ್ರಿಯರ ಕೈಯಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು: ಮುಖಪುಟವನ್ನು ಕತ್ತರಿಸಿ ಆಲ್ಬಂಗೆ ಅಂಟಿಸಿಕೊಂಡರು, ಒಳಪುಟಗಳನ್ನು ತೂಕಕ್ಕೆ ಹಾಕಿದರು. ತಿಂಗಳು, ವರ್ಷ, ಮುದ್ರಕರ ಹೆಸರು, ಕಲಾವಿದರ ಹೆಸರು ಇರುವುದು ಬಹುಸಲ ಒಳಪುಟದಲ್ಲಿ. ಹೀಗಾಗಿ ಆಲ್ಬಂಗಳಲ್ಲಿ ಉಳಿದ ಚಿತ್ರಗಳು ಆದಿ ಅಂತ್ಯಗಳಿಲ್ಲದ ಓಲೆಗರಿಯ ಸ್ಥಿತಿಗೆ ಬಂದಿವೆ.

ಈ ಎರಡೂ ಅತಿಗಳ ನಡುವೆ ಇಡಿಯ ಸಂಚಿಕೆಯನ್ನೇ ಸಂಗ್ರಹಿಸಿದ ಹವ್ಯಾಸಿಗಳೂ ಇದ್ದರು. ಅವರಲ್ಲಿ ಚೆಟ್ಟಿನಾಡಿನ ಕೋಟೈಯೂರಿನ ರೋಜಾ ಮುತ್ತಯ್ಯ ಚೆಟ್ಟಿಯಾರರ ಹೆಸರು ಎದ್ದುಕಾಣುತ್ತದೆ. ಅವರು ವಿದ್ವಾಂಸರಲ್ಲ, ವೃತ್ತಿಯಿಂದ ಅಂಗಡಿಗಳ ನಾಮಫಲಕ ಬರೆಯುವ ಕಲಾವಿದರು. ಪುಸ್ತಕಗಳೊಡನೆ ಮಾಸಪತ್ರಿಕೆ, ನಾಟಕದ ಕರಪತ್ರ, ಮದುವೆಯ ಆಮಂತ್ರಣಗಳನ್ನೂ ದಶಕಗಳ ಕಾಲ ಕೂಡಿಹಾಕಿದರು. 1992ರಲ್ಲಿ ಅವರು ನಿಧನರಾದ ಮೇಲೆ ಆ ಸಂಗ್ರಹವನ್ನು ಶಿಕಾಗೊ ವಿಶ್ವವಿದ್ಯಾಲಯ ಕೊಂಡುಕೊಂಡು ತಮಿಳುನಾಡಿನಲ್ಲೇ ಉಳಿಸಿತು. 1994ರಲ್ಲಿ ಚೆನ್ನೈಯಲ್ಲಿ ಆರಂಭವಾದ ಅವರ ಹೆಸರಿನ ಸಂಶೋಧನ ಗ್ರಂಥಾಲಯಕ್ಕೆ ಅದೇ ತಳಹದಿ. ವಿದ್ವತ್ತಿಗೆ ಕ್ಷುದ್ರವಾಗಿ ಕಂಡದ್ದು ನಾಮಫಲಕದ ಕಲಾವಿದನಿಗೆ ಕ್ಷುದ್ರವೆನಿಸಲಿಲ್ಲ; ಅಕ್ಷರ, ಬಣ್ಣ, ಅಂಚುಪಟ್ಟಿಗಳ ಹಿಂದಿನ ದುಡಿಮೆ ಅವನದೇ ದುಡಿಮೆಯಾಗಿತ್ತೆಂಬುದು ಇದಕ್ಕೆ ಕಾರಣವಿರಬೇಕು.

ಆಂಗ್ಲರಲ್ಲಿ ಇಂತಹ ಅಲ್ಪಾಯುಷಿ ಮುದ್ರಿತ ಸಾಮಗ್ರಿಗೆ ಬಹು ಹಿಂದೆಯೇ ವಿದ್ವನ್ಮನ್ನಣೆ ದೊರೆಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಕರಾಗಿದ್ದ ಜಾನ್ ಜಾನ್ಸನ್ (1882–1956) ಕೂಡಿಹಾಕಿದ ಚೀಟಿಚಪಾಟಿಗಳು 1968ರಲ್ಲಿ ಬೋಡ್ಲಿಯನ್ ಗ್ರಂಥಾಲಯವನ್ನು ಸೇರಿದವು. ಭಾರತದಲ್ಲಿ ಕ್ಯಾಲೆಂಡರ್ ಚಿತ್ರಗಳನ್ನು ಕುರಿತು ಕ್ರಿಸ್ಟೊಫರ್ ಪಿನ್ನಿ (2004), ಕಜ್ರಿ ಜೈನ್ (2007) ಮುಂತಾದವರ ಗ್ರಂಥಗಳು ಬಂದ ಮೇಲೆ ಜನಪ್ರಿಯ ಮುದ್ರಿತ ಕಲೆ ಅಧ್ಯಯನದ ವಸ್ತುವಾಯಿತು. ಆದರೆ ದೇವರ ಪಟಕ್ಕೆ ದೊರೆತ ಗಮನ ಪತ್ರಿಕೆಯ ಮುಖಪುಟಕ್ಕೆ ಇನ್ನೂ ಅದೇ ಪ್ರಮಾಣದಲ್ಲಿ ದೊರೆತಿಲ್ಲ. ದೇವರ ಪಟವನ್ನು ಗೋಡೆಯಾದರೂ ಉಳಿಸಿಕೊಂಡಿತು. ಮುಖಪುಟವನ್ನು ಉಳಿಸಿಕೊಳ್ಳುವುದಕ್ಕೆ ಅಂತಹ ಆಶ್ರಯವಿರಲಿಲ್ಲ.

ವಿಮರ್ಶೆಯ ಹೊಣೆ

ಸಂಗ್ರಹ ಬೆಳೆದಂತೆ ವಿಮರ್ಶೆಯೂ ತಾನಾಗಿ ಬೆಳೆಯುತ್ತದೆಂದು ಭಾವಿಸಲಾಗದು. ಹಳೆಯ ಮುಖಪುಟಗಳನ್ನು ಕುರಿತ ಬರಹಗಳಲ್ಲಿ ಬಹುಪಾಲು ಬಾಲ್ಯದ ನೆನಪಿನ ಬರಹಗಳು. ಅವುಗಳ ಪ್ರೀತಿ ನಿಜವಾದದ್ದೇ. ಸಂಚಿಕೆಗಳು ಉಳಿದಿರುವುದೇ ಆ ಪ್ರೀತಿಯಿಂದ. ಆದರೆ ನೆನಪು ಚಿತ್ರವನ್ನು ಪ್ರಶ್ನಿಸುವುದಿಲ್ಲ. ಮುಳಗಾಂವಕರರ ನುಣುಪು ಚರ್ಮದ ಗೌರವರ್ಣದ ಸುಂದರಿ ಯಾವ ಹೆಣ್ಣನ್ನು ಮರೆಮಾಡುತ್ತಾಳೆ? ಹಲವು ಭಾಷೆಗಳಿಗೆ ಒಂದೇ ಪುರಾಣಚಿತ್ರವನ್ನು ಒಪ್ಪಿಸಿದಾಗ ಆಯಾ ಪ್ರದೇಶದ ಜನಪದ ಕಥಾಲೋಕಕ್ಕೆ ಮುಖಪುಟದಲ್ಲಿ ಎಷ್ಟು ಸ್ಥಳ ಉಳಿಯಿತು? ಈ ಪ್ರಶ್ನೆಗಳನ್ನು ಕೇಳುವುದು ಕಲಾವಿದರಿಗೆ ಅಗೌರವ ತೋರಿಸಿದಂತಲ್ಲ. ಪ್ರಶ್ನೆಗೆ ಅರ್ಹವಾದದ್ದು ಮಾತ್ರ ಕಲೆಯೆನಿಸಿಕೊಳ್ಳುತ್ತದೆ.

ಮತ್ತೊಂದು ಆಕ್ಷೇಪಕ್ಕೂ ಉತ್ತರ ಹೇಳಬೇಕಾಗುತ್ತದೆ. ಅಚ್ಚಾದ ಹಾಳೆಯೇ ಮೂಲವೆಂದರೆ ಕಲಾವಿದನ ಫಲಕಕ್ಕೆ ಬೆಲೆಯಿಲ್ಲವೆಂದಾಗುವುದಿಲ್ಲವೆ? ಪತ್ರಿಕಾ ಕಚೇರಿಗಳು ಫಲಕಗಳನ್ನು ಕಲಾವಿದನಿಗೆ ಹಿಂದಿರುಗಿಸದೆ ಹಾಳುಗೆಡವಿದ್ದಕ್ಕೆ ಇದು ಸಮರ್ಥನೆಯಾಗುವುದಿಲ್ಲವೆ? ಹಾಗಾಗುವುದಿಲ್ಲ. ಕವಿಯ ಕರಡುಪ್ರತಿ ದೊರೆತರೆ ಅದು ಸಂಪಾದಕನಿಗೆ ನಿಧಿ; ಆದರೂ ಕವಿ ತಿದ್ದಿ ಪ್ರಕಟಿಸಿದ ಪಾಠವನ್ನು ಕರಡು ತಳ್ಳಿಹಾಕಲಾರದು. ಫಲಕವು ಕಲಾವಿದನ ಆಸ್ತಿ, ಅವನ ಕೈಯ ಚರಿತ್ರೆ. ಮುಖಪುಟವು ಅವನು ಲೋಕಕ್ಕೆ ಕೊಟ್ಟ ಕೃತಿ. ಎರಡನ್ನೂ ಪ್ರತ್ಯೇಕವಾಗಿ ಗೌರವಿಸುವುದು ಸಾಧ್ಯ.

ಗಣಕೀಕರಣ ಈ ಕ್ಷೇತ್ರಕ್ಕೆ ದೊಡ್ಡ ಉ‍ಪಕಾರ ಮಾಡಿದೆ. ಡಾ. ಎಂ. ಶಿವರಾಂ (ರಾಶಿ) 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ‘ಕೊರವಂಜಿ’ಯ ಸಂಚಿಕೆಗಳು ಗಣಕರೂಪದಲ್ಲಿ ಓದುಗರಿಗೆ ದೊರೆತಿರುವುದರಿಂದ, ಆರ್.ಕೆ. ಲಕ್ಷ್ಮಣರ ಆರಂಭದ ವ್ಯಂಗ್ಯಚಿತ್ರಗಳನ್ನು ಅವು ಅಚ್ಚಾದ ಪುಟದ ಸಂದರ್ಭದಲ್ಲಿಯೇ ನೋಡುವ ಅವಕಾಶ ಒದಗಿದೆ. ಆದರೆ ಗಣಕದ ಪ್ರತಿಯೂ ಒಂದು ಪ್ರತಿಯೇ. ಅದರ ಲಿಪಿಕಾರನೂ ತಪ್ಪು ಮಾಡುತ್ತಾನೆ. ಮಾಸಿದ ಕಾಗದವನ್ನು ಬೆಳ್ಳಗೆ ಮಾಡುವುದು, ಇಳಿದ ಬಣ್ಣವನ್ನು ಏರಿಸುವುದು, ಅಂಚನ್ನು ಕತ್ತರಿಸಿ ನೇರ್ಪಡಿಸುವುದು, ಇವೆಲ್ಲ ಪಾಠವನ್ನು ತಿದ್ದುವ ಕ್ರಿಯೆಗಳೇ. ಅಗ್ಗದ ಮರದ ತಿರುಳಿನಿಂದ ಮಾಡಿದ ಸುದ್ದಿಕಾಗದ ಹಳದಿಯಾಗುವುದು ಅದರ ಸ್ವಭಾವ. ಮುಖಪುಟದ ನುಣುಪು ಕಾಗದ ಬೇರೆ, ಒಳಪುಟದ ಒರಟು ಕಾಗದ ಬೇರೆ ಎಂಬ ವ್ಯತ್ಯಾಸ ಪರದೆಯ ಮೇಲೆ ಅಳಿಸಿಹೋಗುತ್ತದೆ. ಆದ್ದರಿಂದ ಚಿತ್ರಗ್ರಹಣವಾದ ಮೇಲೆ ಮೂಲ ಸಂಚಿಕೆಯನ್ನು ವಿಲೇವಾರಿ ಮಾಡುವುದು, ಪ್ರತಿ ಮಾಡಿಯಾಯಿತೆಂದು ಓಲೆಗರಿಯನ್ನು ಒಲೆಗೆ ಹಾಕಿದಷ್ಟೇ ಅವಿವೇಕ.

ಹಸ್ತಪ್ರತಿ ಸೂಚಿಗಳನ್ನು ಸಿದ್ಧಪಡಿಸಿದ ಕನ್ನಡ ವಿದ್ವಾಂಸರು ಪ್ರತಿಯೊಂದು ಓಲೆಕಟ್ಟಿಗೂ ಅದರ ಅಳತೆ, ಗರಿಗಳ ಸಂಖ್ಯೆ, ಪ್ರತಿಪುಟದ ಪಂಕ್ತಿಗಳು, ಲಿಪಿಕಾರನ ಹೆಸರು, ಶಿಥಿಲವಾದ ಭಾಗಗಳನ್ನು ದಾಖಲಿಸಿದ್ದಾರೆ. ನಿಯತಕಾಲಿಕೆಯ ಮುಖಪುಟಕ್ಕೂ ಅಷ್ಟೇ ಸರಳವಾದ ವಿವರಣೆ ಸಾಕು: ಪತ್ರಿಕೆ, ಭಾಷೆ, ತಿಂಗಳು, ಬೆಲೆ, ಅಳತೆ, ಬಣ್ಣಗಳ ಸಂಖ್ಯೆ, ಮುದ್ರಣಾಲಯ, ಅಂಕಿತ ಇದ್ದರೆ ಯಾವ ಮೂಲೆಯಲ್ಲಿ, ಇಲ್ಲದಿದ್ದರೆ ಒಳಪುಟದಲ್ಲಿ ಹೆಸರಿದೆಯೇ, ಯಾವ ಬರಹಕ್ಕೆ ಸಂಬಂಧಿಸಿದ್ದು, ರಟ್ಟಿನಲ್ಲಿ ಏನು ಕತ್ತರಿಸಿಹೋಗಿದೆ. ಈ ಕೆಲಸಕ್ಕೆ ದೊಡ್ಡ ಸಿದ್ಧಾಂತವಾಗಲಿ ದೊಡ್ಡ ಹಣವಾಗಲಿ ಬೇಕಿಲ್ಲ. ಖಾಸಗಿ ಸಂಗ್ರಾಹಕನ ಬಳಿ ಸಂಚಿಕೆಗಳಿವೆ, ಗ್ರಂಥಾಲಯದ ಬಳಿ ಸೂಚೀಕರಣದ ಪದ್ಧತಿಯಿದೆ. ಇಬ್ಬರೂ ಒಂದೇ ಮೇಜಿನ ಸುತ್ತ ಕುಳಿತಾಗ ಮಾತ್ರ ಆಲ್ಬಂನಲ್ಲಿರುವ ಚಿತ್ರ ತನ್ನ ಸಂಚಿಕೆಯನ್ನು, ಸಂಪುಟದಲ್ಲಿರುವ ಸಂಚಿಕೆ ತನ್ನ ಮುಖವನ್ನು ಮರಳಿ ಪಡೆಯುತ್ತದೆ. ಅಂಚು ಕತ್ತರಿಸಿದ ಪ್ರತಿಯಲ್ಲಿ ಅರ್ಧ ಉಳಿದ ಅಂಕಿತ ಯಾರದೆಂದು, ಅಂಚು ಉಳಿದ ಇನ್ನೊಂದು ಪ್ರತಿ ಹೇಳಬಲ್ಲದು. ಆ ಇನ್ನೊಂದು ಪ್ರತಿ ರದ್ದಿಯ ತಕ್ಕಡಿಯನ್ನು ಏರುವ ಮುನ್ನ ಅದನ್ನು ಕೇಳಬೇಕಾಗಿದೆ.